ಓಲ್ಡ್‌ಶಾ ವಿಧಾನ

ಸರಸ್ವತೀಪುರಂ, ಮೈಸೂರು
೧೨ ಜೂನ್ ೨೦೦೪

ಶ್ರೀಮತಿ ವಸಂತಲಕ್ಷ್ಮಿಯವರಿಗೆ ಬದರಿನಾಥನ ನಮಸ್ಕಾರಗಳು.

ನಲವತ್ತೊಂದು ವರ್ಷಗಳ ಮೇಲೆ ನನ್ನ ಕೈಬರಹ ನಿಮ್ಮ ಬಾಗಿಲಿಗೆ ಬರುತ್ತಿದೆ. ನಿಮ್ಮ ಯಜಮಾನರು ತೀರಿಕೊಂಡದ್ದು ತಡವಾಗಿ ತಿಳಿಯಿತು, ಬೇಸರವಾಯಿತು. ನೀವು ಈಗ ಸಿಯಾಟಲ್ ಬಳಿಯ ಮಿಲ್ ಕ್ರೀಕಿನಲ್ಲಿ ಮಗಳು ನಂದಿತಾ ಅವರ ಮನೆಯಲ್ಲಿದ್ದೀರೆಂದು ನಮ್ಮ ಹಳೆಯ ಸಹಪಾಠಿ ಶೇಖರಪ್ಪ ಹೇಳಿ ವಿಳಾಸ ಬರೆದುಕೊಟ್ಟ. ನಾನು ಪ್ರಿನ್ಸಿಪಾಲನಾಗಿ ನಿವೃತ್ತನಾಗಿ ಹತ್ತು ವರ್ಷವಾಯಿತು. ರಕ್ತದೊತ್ತಡ ಬಿಟ್ಟರೆ ಆರೋಗ್ಯವಾಗಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಗುರುಗಳಾದ ಪ್ರೊಫೆಸರ್ ಕ್ಲಿಫರ್ಡ್ ಓಲ್ಡ್‌ಶಾ ಅವರಿಗೆ ಬರುವ ಫೆಬ್ರವರಿಗೆ ಎಂಬತ್ತೈದು ತುಂಬುತ್ತದೆ. ಇಂಗ್ಲೆಂಡಿನ ಶಿಷ್ಯರು ಸೇರಿ ಒಂದು ಅಭಿನಂದನ ಗ್ರಂಥ ತರುತ್ತಿದ್ದಾರೆ. ಅದರಲ್ಲಿ ‘ಭಾರತದ ಶಿಷ್ಯರು’ ಎಂಬ ಅಧ್ಯಾಯ ಬರೆಯುವ ಭಾಗ್ಯ ನನ್ನದಾಗಿದೆ. ಎಂಥ ಜೀವನ ಅವರದು! ಕಲ್ಲಿದ್ದಲ ಗಣಿಯ ಕೂಲಿಯ ಮಗ, ವಿದ್ಯಾರ್ಥಿವೇತನದ ಮೇಲೆ ಓದಿ, ಯುದ್ಧಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದು, ನಲವತ್ತೇಳರಲ್ಲಿ ಲೆಕ್ಚರರ್, ಐವತ್ತೈದರಲ್ಲಿ ರೀಡರ್, ಅರವತ್ತನಾಲ್ಕರಲ್ಲಿ ಪ್ರೊಫೆಸರ್, ಆಮೇಲೆ ರಾಯಲ್ ಸೊಸೈಟಿಯ ಫೆಲೋ. ಇವತ್ತಿಗೂ ಹರಳುಗಟ್ಟದ ವಸ್ತುವನ್ನು ಹರಳುಗಟ್ಟಿಸಲು ಜಗತ್ತೆಲ್ಲ ‘ಓಲ್ಡ್‌ಶಾ ವಿಧಾನ’ವನ್ನೇ ಬಳಸುತ್ತದೆ. ಅದು ಹುಟ್ಟಿದ ಲ್ಯಾಬಿನಲ್ಲಿ ನಾವಿಬ್ಬರೂ ಇದ್ದೆವೆಂಬುದೇ ಪುಣ್ಯ.

ಅವರು ಈಗ ಮರ್ಸರ್ ಐಲ್ಯಾಂಡಿನಲ್ಲಿ ತಮ್ಮ ಮಗಳ ಮನೆಗೆ ಸೇರಿದ ಒಂದು ಪುಟ್ಟ ಬಿಡಾರದಲ್ಲಿದ್ದಾರಂತೆ. ನಕ್ಷೆಯಲ್ಲಿ ನೋಡಿದೆ, ನಿಮಗೆ ಹತ್ತಿರವೇ. ದಯವಿಟ್ಟು ಒಮ್ಮೆ ಹೋಗಿ ಅವರ ಫೋಟೋ ತೆಗೆದು ಕಳಿಸುತ್ತೀರಾ? ನಿಮ್ಮ ನೆನಪುಗಳನ್ನೂ ನಾಲ್ಕೈದು ಪುಟ ಬರೆದು ಕಳಿಸಿ. ಆದದ್ದೆಲ್ಲ ಆಯಿತು. ಈ ವಯಸ್ಸಿನಲ್ಲಿ ಒಳ್ಳೆಯದನ್ನಷ್ಟೇ ನೆನೆಯೋಣ.

ನಿಮ್ಮ ಉತ್ತರದ ದಾರಿ ಕಾಯುವ,
ಬದರಿನಾಥ

~

ಮಿಲ್ ಕ್ರೀಕ್
೨ ಜುಲೈ ೨೦೦೪

ಬದರಿ,

ಈ ‘ನೀವು’ ಎಲ್ಲಿಂದ ಬಂತು? ಇಂಗ್ಲೆಂಡಿನ ಆ ಊರಿನಲ್ಲಿ ಸಸ್ಯಾಹಾರ ಸಿಗದೆ, ಲ್ಯಾಬಿನ ಹಾಟ್‌ಪ್ಲೇಟಿನ ಮೇಲೆ ಬೀಕರಿನಲ್ಲಿ ಸಾರು ಕಾಯಿಸಿ ಹಂಚಿಕೊಂಡು ಕುಡಿಯುವಾಗ ಏಕವಚನವೇ ಇತ್ತು. ಬಹುವಚನ ಶುರುವಾದದ್ದು ಅರವತ್ತಮೂರರ ಜೂನಿನಲ್ಲಿ, ನಿನಗೆ ನನ್ನ ಮುಖ ನೋಡಲು ಆಗದಿದ್ದಾಗ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ವಯಸ್ಸು ಅರವತ್ತೇಳಾಯಿತು, ಇನ್ನು ಇಳಿದಿರುತ್ತದೆ ಎಂದುಕೊಂಡಿದ್ದೆಯೇನೋ. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ?

ಹೋದ ಮಾರ್ಚಿನಲ್ಲಿ ನನ್ನ ಮೊಮ್ಮಗಳು ಅನುಷಾ, ಹದಿನೇಳು ವರ್ಷದವಳು, ಹೈಸ್ಕೂಲಿನ ಕೆಮಿಸ್ಟ್ರಿ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತಿದ್ದೆ. ಹಾಳೆಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಓಲ್ಡ್‌ಶಾ ವಿಧಾನ’. ನಾನು ಅದನ್ನೇ ನೋಡುತ್ತಿದ್ದುದು ಕಂಡು, “ಅಜ್ಜಿ, ಡು ಯು ನೋ ದಿಸ್ ಗೈ?” ಎಂದಳು. “ಗೊತ್ತು ಕಣೆ” ಎಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ದುಃಖದ ಅಳುವಲ್ಲ ಮಾರಾಯ, ಸಿಟ್ಟಿನ ಅಳು. ಆ ಹಾಳೆಯಲ್ಲಿ ನನ್ನ ಕೆಲಸವನ್ನು ನನ್ನ ಮೊಮ್ಮಗಳಿಗೆ ಇನ್ನೊಬ್ಬನ ಹೆಸರಿನಲ್ಲಿ ಕಲಿಸುತ್ತಿದ್ದರು.

‘ಅದು ಹುಟ್ಟಿದ ಲ್ಯಾಬಿನಲ್ಲಿ ನಾವಿಬ್ಬರೂ ಇದ್ದೆವು’ ಎಂದು ಬರೆದಿದ್ದೀಯ. ಬಾಣಂತಿಯನ್ನೇ ಹೆರಿಗೆಗೆ ಬಂದ ನೆಂಟರ ಸಾಲಿನಲ್ಲಿ ಕೂರಿಸಿದ್ದೀಯಲ್ಲ, ಭೇಷ್. ನೆನಪಿಲ್ಲದಿದ್ದರೆ ನಾನೇ ನೆನಪಿಸುತ್ತೇನೆ.

ಆಫ್ರಿಕದ ಒಂದು ಮರದ ತೊಗಟೆಯಿಂದ ತೆಗೆದ ಕಹಿ ವಸ್ತು. ಹರಳಾದರೆ ತಾನೆ ಅದು ಶುದ್ಧ, ಆಮೇಲೆ ತಾನೆ ಅದರ ರಚನೆ ತಿಳಿಯುವುದು? ಅದೋ ಜೋನಿಬೆಲ್ಲದ ಹಾಗೆ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಕೂರುತ್ತಿತ್ತು. ನೀನು ಹದಿನಾಲ್ಕು ತಿಂಗಳು ಒದ್ದಾಡಿ ಕೈಬಿಟ್ಟೆ. ಓಲ್ಡ್‌ಶಾ ಅದನ್ನು ನನಗೆ ದಾಟಿಸಿದರು. ನಾನೂ ಆರು ತಿಂಗಳು ಐಸಿನಲ್ಲಿಟ್ಟೆ, ಗಾಜಿನ ಕಡ್ಡಿಯಿಂದ ಕೆರೆದೆ, ಬೈದೆ. ಏನೂ ಆಗಲಿಲ್ಲ. ಆ ಫೆಬ್ರವರಿಯ ಚಳಿಗೆ ನನ್ನ ಹಾಸ್ಟೆಲ್ ಕೋಣೆಯಲ್ಲಿ ಮೊಸರೂ ಹೆಪ್ಪುಗಟ್ಟುತ್ತಿರಲಿಲ್ಲ. ಒಂದು ಸಂಜೆ ಹಾಲಿನ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟಾಗ ಹೊಳೆಯಿತು. ನಾವು ಅವಸರ ಮಾಡುತ್ತಿದ್ದೆವು. ಅದಕ್ಕೆ ಬೇಕಾದದ್ದು ಐಸಲ್ಲ. ಒಂದು ಚೂರು ಹೆಪ್ಪು, ಬೆಚ್ಚನೆಯ ಜಾಗ, ಯಾರೂ ಅಲುಗಿಸದ ಮೂರು ದಿನ. ಚಿತ್ರದುರ್ಗದಲ್ಲಿ ನಮ್ಮಮ್ಮ ದಿನಾ ಸಂಜೆ ಮಾಡುತ್ತಿದ್ದ ಕೆಲಸ.

ಗುರುವಾರ ಫ್ಲಾಸ್ಕನ್ನು ಕಂಬಳಿಯಲ್ಲಿ ಸುತ್ತಿಟ್ಟೆ. ನೀನು “ಇದೇನೇ, ಅಡುಗೆಮನೆ ಕೆಮಿಸ್ಟ್ರಿ?” ಎಂದು ನಕ್ಕೆ. ಓಲ್ಡ್‌ಶಾ ಆ ವಾರ ಉಪನ್ಯಾಸಕ್ಕೆಂದು ಎಡಿನ್‌ಬರೋಗೆ ಹೋಗಿದ್ದರು. ೧೯೬೨ರ ಫೆಬ್ರವರಿ ೧೧, ಭಾನುವಾರ ಬೆಳಿಗ್ಗೆ ಬಿಚ್ಚಿ ನೋಡಿದರೆ ಫ್ಲಾಸ್ಕಿನ ತುಂಬ ಸೂಜಿಯಂಥ ಹರಳು. ಲ್ಯಾಬಿನಲ್ಲಿದ್ದದ್ದು ನೀನೊಬ್ಬ. ಪ್ರತಿ ದಿನದ ಪುಟಕ್ಕೂ ಇನ್ನೊಬ್ಬರು ಸಾಕ್ಷಿ ಸಹಿ ಹಾಕಬೇಕೆಂಬುದು ಆ ಲ್ಯಾಬಿನ ನಿಯಮ. ನನ್ನ ನೋಟುಬುಕ್ಕಿನ ಆ ಪುಟಕ್ಕೆ ಸಹಿ ಹಾಕಿದವನು ನೀನು.

ಮುಂದಿನ ವರ್ಷ ಏಪ್ರಿಲಿನಲ್ಲಿ ಪ್ರಬಂಧ ಅಚ್ಚಾಯಿತು. ಓಲ್ಡ್‌ಶಾ ಒಬ್ಬರದೇ ಹೆಸರು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ, ‘ಪ್ರಯೋಗದಲ್ಲಿ ನೆರವಾದ ಮಿಸ್ ವಸಂತಲಕ್ಷ್ಮಿಗೆ ವಂದನೆ’. ನಾನು ದೂರು ಕೊಟ್ಟೆ. ಮೂರು ಜನರ ಸಮಿತಿ ಕೂತಿತು. ನನ್ನ ಥೀಸಿಸ್ ತೆರೆದು ಮೊದಲ ಪುಟದ ಕೃತಜ್ಞತೆಯನ್ನು ಓದಿದರು. ‘ಇದರಲ್ಲಿ ಒಳ್ಳೆಯದೇನಿದ್ದರೂ ಅದೆಲ್ಲ ನನ್ನ ಗುರುಗಳದು, ತಪ್ಪುಗಳು ಮಾತ್ರ ನನ್ನವು.’ ನಮ್ಮ ಕಡೆ ಯಾವ ಪುಸ್ತಕದ ಮುನ್ನುಡಿಯಲ್ಲಿ ಈ ಮಾತಿಲ್ಲ ಹೇಳು? ಊಟಕ್ಕೆ ಕೂತವರು ‘ಸಾಕು ಸಾಕು’ ಎನ್ನುವ ಹಾಗೆ ಅದೊಂದು ಮರ್ಯಾದೆಯ ಮಾತು. ಆ ಮೂವರು ಅದನ್ನು ತಪ್ಪೊಪ್ಪಿಗೆಯ ಹಾಗೆ ಓದಿದರು. “ಇದು ನೀವೇ ಬರೆದದ್ದಲ್ಲವೇ?” ಎಂದರು. ನಾನೇ ಬರೆದದ್ದು. ಹಾಗೆ ಬರೆಯದಿದ್ದರೆ ಅಹಂಕಾರ ಎನ್ನುತ್ತಾರೆ ಎಂದು ಹೇಳಿದವನು ನೀನು. ನೋಟುಬುಕ್ಕು ತರಿಸಿ ಎಂದು ಕೇಳಿದೆ. ಅದರ ಅಗತ್ಯವಿಲ್ಲ ಎಂದರು. ಸಾಕ್ಷಿಯನ್ನು ಕೇಳಿ ಎಂದೆ. ನೀನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ, ನನ್ನ ಕಡೆ ನೋಡಲಿಲ್ಲ.

ಆ ಆಗಸ್ಟಿನಲ್ಲಿ ನೀನು ಮೈಸೂರಿನಲ್ಲಿ ಲೆಕ್ಚರರ್ ಆದೆ. ನನಗೆ ಓಲ್ಡ್‌ಶಾ ಶಿಫಾರಸು ಪತ್ರ ಕೊಡಲಿಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಕುಡಿಯುವ ನೀರು ಪರೀಕ್ಷೆ ಮಾಡಿದೆ. ಅದು ಹೀನ ಕೆಲಸವಲ್ಲ. ಆದರೆ ಅದು ನನ್ನ ಕೆಲಸವಾಗಿರಲಿಲ್ಲ.

ನನಗೆ ಈಗ ಬೇಕಾದದ್ದು ಒಂದೇ. ನಿನ್ನ ಅಧ್ಯಾಯದಲ್ಲಿ, ಆ ಭಾನುವಾರ ನೀನು ಕಂಡದ್ದನ್ನು ಕಂಡ ಹಾಗೆ ಬರೆ. ಆ ಮನುಷ್ಯ ಬದುಕಿದ್ದಾನೆ, ನೀನು ಬದುಕಿದ್ದೀಯ, ನಾನೂ ಬದುಕಿದ್ದೇನೆ. ಇನ್ನು ಐದು ವರ್ಷ ಹೋದರೆ ಇದನ್ನು ಹೇಳಲೂ ಯಾರಿಲ್ಲ, ಅಲ್ಲಗಳೆಯಲೂ ಯಾರಿಲ್ಲ.

ಫೋಟೋ ಬೇಕಾದರೆ ಬೇರೆ ಯಾರನ್ನಾದರೂ ಕೇಳು.

ವಸಂತಲಕ್ಷ್ಮಿ

~

ಮೈಸೂರು
೨೯ ಜುಲೈ ೨೦೦೪

ವಸಂತ,

ನಿನ್ನ ಇಷ್ಟದಂತೆ ಏಕವಚನಕ್ಕೇ ಬಂದಿದ್ದೇನೆ. ನಿನ್ನ ಪತ್ರವನ್ನು ಎರಡು ದಿನ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ.

ನಿನಗೆ ನೋವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ನಲವತ್ತೆರಡು ವರ್ಷಗಳ ಹಿಂದೆ ಯಾರಿಗೆ ಮೊದಲು ಏನು ಹೊಳೆಯಿತೆಂದು ಇವತ್ತು ಯಾರು ಪ್ರಮಾಣ ಮಾಡಿ ಹೇಳಬಲ್ಲರು? ಸಹಿ ಹಾಕಿದ್ದು ನೆನಪಿದೆ. ಅಂಥ ನೂರಾರು ಪುಟಗಳಿಗೆ ಹಾಕಿದ್ದೇನೆ. ಆ ಕಾಲದಲ್ಲಿ ಎಲ್ಲ ಲ್ಯಾಬುಗಳಲ್ಲೂ ದೊಡ್ಡವರ ಹೆಸರೇ ಮುಂದೆ ಬರುತ್ತಿತ್ತು. ಬೇರೆಯವರು ಅದಕ್ಕೆ ಹೊಂದಿಕೊಂಡರು.

ಅಭಿನಂದನ ಗ್ರಂಥವೆಂದರೆ ಶುಭಕಾರ್ಯ. ಅಲ್ಲಿ ಹೋಗಿ ಗುರುಗಳ ದೋಷ ಎತ್ತಿ ಆಡಿದರೆ ಅವರಿಗಲ್ಲ, ನಮಗೇ ಅಪಚಾರ. ಅವರು ನಮಗೆ ಮಾಡಿದ್ದನ್ನೂ ನೆನೆ. ಲ್ಯಾಬಿನಲ್ಲಿ ಒಲೆ ಹಚ್ಚಲು ಬಿಟ್ಟರು. ನಿನ್ನ ತಂದೆ ಹೋದಾಗ ತಾವೇ ಟೆಲಿಗ್ರಾಂ ಹಿಡಿದು ಹಾಸ್ಟೆಲಿಗೆ ನಡೆದು ಬಂದರು. ಆ ರಾತ್ರಿಯ ಹಿಮದಲ್ಲಿ ಅವರು ತಲೆಗೆ ಟೋಪಿ ಕೂಡ ಹಾಕಿರಲಿಲ್ಲ.

ಇಷ್ಟಾಗಿಯೂ ನಿನಗೆ ಸಮಾಧಾನವಿಲ್ಲದಿದ್ದರೆ ಅವರನ್ನೇ ಕೇಳು. ನಿನ್ನಿಂದ ಅರ್ಧ ಗಂಟೆಯ ದಾರಿ. ಅವರು ಹೂಂ ಎಂದರೆ ನಾನು ಅಡ್ಡ ಬರುವವನಲ್ಲ.

ನಿನ್ನ ಹಿತವನ್ನೇ ಬಯಸುವ,
ಬದರಿ

~

ಮಿಲ್ ಕ್ರೀಕ್
೩೧ ಆಗಸ್ಟ್ ೨೦೦೪

ಬದರಿ,

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ನೀನು ಹೇಳಿದ ಹಾಗೇ ಹೋಗಿ ಕೇಳಿ ಬಂದೆ. ನಾನು ಹೋಗುವುದಿಲ್ಲ ಎಂಬ ಧೈರ್ಯದ ಮೇಲೆ ಹಾಗೆ ಬರೆದೆ ಎಂದು ಈಗ ಅನ್ನಿಸುತ್ತಿದೆ.

ನಂದಿತಾಳಿಗೆ ಇಷ್ಟವಿರಲಿಲ್ಲ. “ಅಮ್ಮಾ, ಇಷ್ಟು ವರ್ಷ ಆದ್ಮೇಲೆ ಹೋಗಿ ಏನ್ ಮಾಡ್ತೀಯಾ? ಸುಮ್ನೆ ಬಿಪಿ ಜಾಸ್ತಿ ಆಗುತ್ತೆ ಅಷ್ಟೆ” ಎಂದಳು. “ಬಿಪಿ ಜಾಸ್ತಿ ಆಗೋದು ಹೋಗದೇ ಇದ್ರೆ ಕಣೆ” ಎಂದೆ. ಶನಿವಾರ ಅವಳು ಕರ್ಕ್‌ಲ್ಯಾಂಡಿನ ಆಫೀಸಿಗೆ ಯಾವುದೋ ಸಾಫ್ಟ್‌ವೇರ್ ರಿಲೀಸ್ ಎಂದು ಹೋದಳು. ಅನುಷಾ ಹೊಸದಾಗಿ ಲೈಸೆನ್ಸ್ ತೆಗೆದುಕೊಂಡಿದ್ದಾಳೆ. “ಐ ವಿಲ್ ಡ್ರೈವ್ ಯು, ಅಜ್ಜಿ” ಎಂದು ಕೀ ತೆಗೆದುಕೊಂಡಳು. ೪೦೫ ಹೆದ್ದಾರಿ ಹಿಡಿದು, ಸೇತುವೆ ದಾಟಿ ಹೋಗುವಷ್ಟರಲ್ಲಿ ಅವಳಿಗೆ ಎಲ್ಲ ಹೇಳಿದೆ. ನಂದಿತಾಳಿಗೂ ಅಷ್ಟು ಹೇಳಿದವಳಲ್ಲ ನಾನು.

ಓಲ್ಡ್‌ಶಾ ಕುಗ್ಗಿದ್ದಾರೆ, ಆದರೆ ಬುದ್ಧಿ ಚುರುಕಾಗಿದೆ. ನನ್ನನ್ನು ನೋಡಿದ ಕೂಡಲೇ “ಮಿಸ್ ವಸಂತಲಕ್ಷ್ಮಿ” ಎಂದರು, ಒಂದಕ್ಷರವೂ ತಪ್ಪದೆ. ಕಿಟಕಿಯಾಚೆ ಕೆರೆ, ಅದರಾಚೆ ಹಿಮದ ಬಿಳಿಯ ಬೆಟ್ಟ. ತಾವೇ ಟೀ ಮಾಡಿ ಕೊಟ್ಟರು. ಈ ವಯಸ್ಸಿನಲ್ಲೂ ಒಂದು ಹನಿ ಚೆಲ್ಲಲಿಲ್ಲ. ಅವರು ಒಳ್ಳೆಯ ಕೆಮಿಸ್ಟ್ ಎಂಬುದರಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಕೈ ಹಿಡಿದು ಕಲಿಸಿದವರು. ಅದಕ್ಕೇ ಸಿಟ್ಟು ಹೆಚ್ಚು. ದಾರಿಹೋಕ ಕದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅನುಷಾ ನನ್ನ ಮೊಮ್ಮಗಳೇ ಸೈ. ಏನೂ ತಿಳಿಯದವಳ ಹಾಗೆ, ಕಂಬಳಿ ಸುತ್ತುವ ಉಪಾಯ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದಳು. ಅವರ ಮುಖ ಅರಳಿತು. ಚಿಕ್ಕಂದಿನಲ್ಲಿ ಅವರಮ್ಮ ಬ್ರೆಡ್ಡಿನ ಹಿಟ್ಟು ಕಲಸಿ, ಹಳೆಯ ಕಂಬಳಿ ಸುತ್ತಿ ಒಲೆಯ ಪಕ್ಕ ಇಡುತ್ತಿದ್ದರಂತೆ. ಮುಟ್ಟಿದರೆ ಕೈಮೇಲೆ ಹೊಡೆಯುತ್ತಿದ್ದರಂತೆ. ಆ ನೆನಪಿನಿಂದಲೇ ಈ ವಿಧಾನ ಹುಟ್ಟಿತಂತೆ. ಗ್ರಂಥದ ಮೊದಲ ಅಧ್ಯಾಯದಲ್ಲಿ ಇದೇ ಕಥೆ ಅಚ್ಚಾಗಿದೆಯಂತೆ.

ನಾನು ಕಪ್ಪು ಕೆಳಗಿಟ್ಟೆ. ಕೆಲಸ ಕದ್ದದ್ದು ಗೊತ್ತಿತ್ತು. ನಮ್ಮಮ್ಮನನ್ನೂ ಕದ್ದಿದ್ದಾರೆಂದು ಗೊತ್ತಿರಲಿಲ್ಲ.

“ನೀವು ಆ ವಾರ ಎಡಿನ್‌ಬರೋದಲ್ಲಿದ್ದಿರಿ” ಎಂದೆ. ಅವರು ಹೇಳಿದರು: “ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಈಗ ಆ ಕಂಬಳಿ ನನ್ನ ಕಣ್ಣಿಗೇ ಕಾಣುತ್ತದೆ.” ಸುಳ್ಳು ಹೇಳುವವನ ಮುಖವಾಗಿರಲಿಲ್ಲ ಅದು. ಅದಕ್ಕಿಂತ ಕೆಟ್ಟದ್ದು, ನಂಬಿದವನ ಮುಖ. “ಎಲ್ಲ ನನ್ನದೇ ಎಂದು ನೀವಿಬ್ಬರೂ ಬರೆದುಕೊಟ್ಟಿರಿ. ಅಲ್ಲ ಎನ್ನಲು ನನಗೆ ಧೈರ್ಯ ಸಾಲಲಿಲ್ಲ” ಎಂದರು.

ಇಬ್ಬರೂ ಎಂದರೆ? ಎಂದು ಕೇಳಿದೆ. ಎದ್ದು ಹೋಗಿ ಒಂದು ಫೈಲು ತಂದರು. ಒಂದು ಚೀಟಿಯನ್ನೂ ಬಿಸಾಡುವ ಮನುಷ್ಯನಲ್ಲ ಎಂದು ನಿನಗೂ ಗೊತ್ತು. ಸಮಿತಿಗೆ ಬರೆದ ಕಾಗದ, ೧೯೬೩ರ ಜೂನ್ ೩. ನಿನ್ನ ಮುದ್ದಾದ ಅಕ್ಷರ. ‘ಕಂಬಳಿಯ ಆಲೋಚನೆ ಡಾಕ್ಟರ್ ಓಲ್ಡ್‌ಶಾ ಅವರದೇ. ಎಡಿನ್‌ಬರೋಗೆ ಹೊರಡುವ ಮುನ್ನ ಅವರು ಅದನ್ನು ಮಿಸ್ ವಸಂತಲಕ್ಷ್ಮಿಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. ನಮ್ಮ ದೇಶದಲ್ಲಿ ಶಿಷ್ಯರು ಗುರುಗಳು ಹೇಳಿದ್ದನ್ನು ಮಾಡುತ್ತಾರೆ.’

ಕಿವಿಯಾರೆ!

ಸಮಿತಿಯವರಿಗೆ ನೋಟುಬುಕ್ಕು ಯಾಕೆ ಬೇಡವಾಯಿತು ಎಂಬುದು ನನಗೆ ತಿಳಿದದ್ದು ಈ ಶನಿವಾರ. ಇಷ್ಟು ವರ್ಷ ನಿನ್ನನ್ನು ಹೇಡಿ ಎಂದುಕೊಂಡಿದ್ದೆ, ಬಾಯಿಮುಚ್ಚಿ ಕೂತವನು ಎಂದುಕೊಂಡಿದ್ದೆ. ನೀನು ಬಾಯಿಬಿಟ್ಟಿದ್ದೆ. ಬಾಯಿಬಿಟ್ಟು, ಬರೆದು, ಸಹಿ ಹಾಕಿ ಕೊಟ್ಟಿದ್ದೆ. ನನ್ನ ಬೀಕರಿನ ಸಾರು ಕುಡಿದ ಬಾಯಿ.

ವಾಪಸು ಬರುವಾಗ ಅನುಷಾ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದಿದ್ದಳು. “ಹೀ ವಾಸ್ ಯುವರ್ ಫ್ರೆಂಡ್?” ಎಂದು ಕೇಳಿದಳು. ನಾನು ರೇಡಿಯೋ ಹಾಕು ಎಂದೆ.

ಯಾಕೆ ಎಂದು ನೀನು ಹೇಳಬೇಕು. ಹೇಳಿದ ಮೇಲೆ ಅಧ್ಯಾಯವನ್ನು ಸರಿಮಾಡಬೇಕು. ಅವರು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಈಗ ಎಲ್ಲ ನಿನ್ನ ಕೈಯಲ್ಲಿದೆ.

ವಸಂತಲಕ್ಷ್ಮಿ

~

ಮಿಲ್ ಕ್ರೀಕ್
೯ ಅಕ್ಟೋಬರ್ ೨೦೦೪

ಬದರಿ,

ಆರು ವಾರವಾಯಿತು. ಶೇಖರಪ್ಪನಿಗೆ ಫೋನ್ ಮಾಡಿದ್ದೆ. ನೀನು ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೀಯಂತೆ, ಚೆನ್ನಾಗಿದ್ದೀಯಂತೆ. ಹಾಗಾದರೆ ಬರೆಯಲು ಕೈಗೇನಾಗಿದೆ?

ವ.

~

ಮೈಸೂರು
೨೦ ನವೆಂಬರ್ ೨೦೦೪

ವಸಂತ,

ಈ ಪತ್ರವನ್ನು ಐದು ಸಲ ಬರೆದು ಹರಿದಿದ್ದೇನೆ.

ಕೆಲಸಕ್ಕಾಗಿ ಬರೆದುಕೊಟ್ಟೆ ಎಂದು ನೀನು ತಿಳಿದಿರಬಹುದು. ನನ್ನ ಹೆಂಡತಿ ವಿಜಯಾಳಿಗೂ ಹಾಗೇ ಹೇಳಿದ್ದೇನೆ. ಅದು ಅರ್ಧ ಸತ್ಯ. ಶಿಫಾರಸನ್ನು ಓಲ್ಡ್‌ಶಾ ಹೇಗೂ ಕೊಡುತ್ತಿದ್ದರು.

ಹದಿನಾಲ್ಕು ತಿಂಗಳು, ವಸಂತ. ಊರಿಗೆಲ್ಲ ‘ಬದರಿ ಇಂಗ್ಲೆಂಡಿನಲ್ಲಿ ಹೊಸ ವಸ್ತು ಕಂಡುಹಿಡಿಯುತ್ತಿದ್ದಾನೆ’ ಎಂದು ನನ್ನ ತಂದೆ ಹೇಳಿಕೊಂಡು ತಿರುಗುತ್ತಿದ್ದರು. ನಾನು ಪುಸ್ತಕಗಳಲ್ಲಿದ್ದ ಎಲ್ಲ ವಿಧಾನ ಮಾಡಿ ನೋಡಿದೆ. ಒಂದು ಹರಳೂ ಬರಲಿಲ್ಲ. ನೀನು ಬಂದು ಮೊಸರು ಹಾಕುವ ಹಾಗೆ ಹಾಕಿ ತೆಗೆದೆ. ಆ ಭಾನುವಾರ ನಿನ್ನ ಫ್ಲಾಸ್ಕಿನ ಕಡೆ ನೋಡಲೂ ಆಗಲಿಲ್ಲ. ಪುಟದಲ್ಲಿ ಏನಿದೆಯೆಂದು ಓದದೆ ಕೆಳಗೆ ಸಹಿ ಗೀಚಿ ಹೊರಗೆ ಹೋಗಿ ಮಂಜಿನಲ್ಲಿ ನಿಂತೆ. ಗುರುಗಳು ಗೆದ್ದರೆ ನಾನು ಸೋತಂತಾಗುವುದಿಲ್ಲ, ನೀನು ಗೆದ್ದರೆ ಆಗುತ್ತದೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ನಿನ್ನ ಮುಂದೆ ಒಪ್ಪಿಕೊಂಡಿದ್ದೇನೆ. ಇಷ್ಟು ಸಾಲದೇ? ಅಧ್ಯಾಯವನ್ನು ಜುಲೈನಲ್ಲೇ ಕಳಿಸಿದ್ದೆ, ನಾನು ಮೊದಲು ಬರೆದ ಹಾಗೆಯೇ. ಬದಲಾಯಿಸಿ ಎಂದು ಈಗ ಹೇಗೆ ಬರೆಯಲಿ? ಮೊಮ್ಮಕ್ಕಳಿದ್ದಾರೆ, ನನ್ನ ಕೈಕೆಳಗೆ ಓದಿದ ಸಾವಿರಾರು ಹುಡುಗರಿದ್ದಾರೆ. ಅವರಿಗೆಲ್ಲ ನಾನು ಏನಾಗುತ್ತೇನೆ? ನಿನಗೆ ಹೇಳಿದ್ದೇನೆ. ಲೋಕಕ್ಕೆ ಯಾಕೆ?

ಕ್ಷಮಿಸುವುದಾದರೆ ಒಂದು ಸಾಲು ಬರೆ.

ಬದರಿ

~

ಮಿಲ್ ಕ್ರೀಕ್
೧೦ ಜನವರಿ ೨೦೦೫

ಬದರಿ,

ಆ ಒಂದು ಸಾಲು ಬರೆಯುವುದಿಲ್ಲ. ಊರೆದುರಿಗೆ ಹೊಡೆದು ಬಚ್ಚಲಲ್ಲಿ ಕಾಲು ಹಿಡಿದರೆ ಅದು ಕ್ಷಮೆ ಕೇಳಿದಂತಲ್ಲ. ಕಾರಣ ಹೇಳಿದ್ದೀಯ, ಅದು ನಿಜವಾದ ಕಾರಣವೆಂದು ನಂಬುತ್ತೇನೆ. ಅಷ್ಟರ ಮಟ್ಟಿಗೆ ಸರಿ.

ನಿನ್ನ ಪತ್ರ ಬಂದ ವಾರವೇ ಓಲ್ಡ್‌ಶಾ ಅವರಿಗೆ ಫೋನ್ ಮಾಡಿ, ಹಳೆಯ ನೋಟುಬುಕ್ಕುಗಳು ಎಲ್ಲಿವೆ ಎಂದು ಕೇಳಿದೆ. “ಗ್ಯಾರೇಜಿನಲ್ಲಿವೆ” ಎಂದರು, ಒಂದು ಕ್ಷಣವೂ ತಡೆಯದೆ. ನೆನಪಿದೆಯಾ, ನೋಟುಬುಕ್ಕಿನ ಒಂದು ಹಾಳೆ ಹರಿದರೂ ಲ್ಯಾಬಿನಿಂದ ಹೊರಗೆ ಹಾಕುತ್ತೇನೆ ಎಂದು ನಮ್ಮನ್ನು ಹೆದರಿಸುತ್ತಿದ್ದರು. ಆ ನಿಯಮವನ್ನು ತಮ್ಮ ಮೇಲೂ ಹಾಕಿಕೊಂಡಿದ್ದರು. ತಮ್ಮನ್ನು ಸುಳ್ಳುಗಾರ ಎನ್ನುವ ಪುಟವನ್ನು ನಲವತ್ತೆರಡು ವರ್ಷ ಜೋಪಾನ ಮಾಡಿ, ಸಮುದ್ರ ದಾಟಿಸಿ ತಂದಿದ್ದಾರೆ. ಎಂಥ ಮನುಷ್ಯ ಹೇಳು. ಕದಿಯಲು ಆಯಿತು, ಹರಿಯಲು ಆಗಲಿಲ್ಲ.

ಡಿಸೆಂಬರ್ ಹನ್ನೊಂದಕ್ಕೆ ಅನುಷಾ ಜೊತೆ ಹೋದೆ. ಜಿಟಿಜಿಟಿ ಮಳೆ. ಮೂರನೆಯ ಪೆಟ್ಟಿಗೆಯಲ್ಲಿ ನನ್ನ ನೀಲಿ ರಟ್ಟಿನ ಪುಸ್ತಕ ಸಿಕ್ಕಿತು. ಅವರು ಭೂತಗನ್ನಡಿ ಹಿಡಿದು ಆ ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಮತ್ತೆ ಮೊದಲಿನಿಂದ ಓದಿದರು. “ನಾನು ಎಡಿನ್‌ಬರೋದಲ್ಲಿದ್ದೆ” ಎಂದರು. ಕ್ಷಮಿಸಿ ಎನ್ನಲಿಲ್ಲ. ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಸಂಪಾದಕರಿಗೆ ಒಂದು ಕಾಗದ ಬರೆದುಕೊಟ್ಟರು. ವಸಂತಲಕ್ಷ್ಮಿ ಏನು ಬರೆದು ಕಳಿಸಿದರೂ ಹಾಗೇ ಅಚ್ಚುಹಾಕಿ, ನಾನು ಬದುಕಿರುವಾಗಲೇ ಹಾಕಿ ಎಂದು. ಅನುಷಾ ಅವರ ಮುಖಕ್ಕೇ ಹೇಳಿದಳು, “ಯು ಶುಡ್ ಸೇ ಸಾರಿ ಟು ಹರ್.” ಅವರು ಕೆರೆಯ ಕಡೆ ತಿರುಗಿಕೊಂಡರು. ಆ ಬೆನ್ನಿನ ಮೇಲೂ ನನಗೆ ಸಿಟ್ಟು ಬಂತು.

ಬ್ರೆಡ್ಡಿನ ಹಿಟ್ಟಿನ ಕಥೆ ಮೊದಲ ಅಧ್ಯಾಯದಲ್ಲಿ ಹಾಗೇ ಇರುತ್ತದೆ, ಆ ಭಾಗ ಅಚ್ಚಾಗಿಬಿಟ್ಟಿದೆ. ಕೊನೆಯಲ್ಲಿ ನನ್ನ ನಾಲ್ಕು ಪುಟ ಬರುತ್ತದೆ. ಓದುವವರು ಎರಡನ್ನೂ ಓದಿಕೊಳ್ಳಲಿ.

ಈಗ ನಿನ್ನ ವಿಷಯ. ಬದರಿ, ನೀನು ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು. ಒಂದು ಪ್ರಶ್ನೆ ನಿನಗೆ ಯಾವತ್ತೂ ಬರಲಿಲ್ಲವೇ? ಹೆಪ್ಪು ಹಾಕಬೇಕಾದರೆ ಮೊದಲೇ ಒಂದು ಹರಳು ಬೇಕು. ಯಾರ ಕೈಯಲ್ಲೂ ಒಮ್ಮೆಯೂ ಹರಳಾಗದ ವಸ್ತುವಿಗೆ ನಾನು ಹೆಪ್ಪು ಎಲ್ಲಿಂದ ತಂದೆ?

ಪುಟದ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ಐದನೆಯ ಸಾಲು ಓದು. ‘ಹೆಪ್ಪು: ಬದರಿನಾಥರ ೩೧ನೆಯ ಫ್ಲಾಸ್ಕಿನ ಕತ್ತಿನಿಂದ ಕೆರೆದ ಚೂರು. ಮೊದಲ ಹರಳು ಅವರದು.’ ನೀನು ಬೇಸತ್ತು ಕಪಾಟಿನ ಕೆಳಗೆ ತಳ್ಳಿದ್ದ ಫ್ಲಾಸ್ಕು. ತಿಂಗಳುಗಟ್ಟಲೆ ಯಾರೂ ಮುಟ್ಟದೆ ಬಿದ್ದಿತ್ತು. ಕತ್ತಿನ ಒಳಗೆ ಸಾಸಿವೆಯಷ್ಟು ಬಿಳಿಯ ಪೊರೆ ಒಣಗಿತ್ತು. ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದೆ. ನಿನ್ನ ಕೈಯಲ್ಲಿ ಹರಳಾಗಿತ್ತು, ಬದರಿ. ನೀನು ನೋಡಿರಲಿಲ್ಲ.

ಆ ಭಾನುವಾರ ನಿನಗೆ ಹೇಳೋಣವೆಂದೇ ಪುಟ ತೆರೆದು ಮುಂದಿಟ್ಟೆ. ಓದಿ ಕುಣಿಯುತ್ತೀಯ ಎಂದು ಕಾದೆ. ನೀನು ಸಹಿ ಹಾಕಿ ಹೊರಟುಹೋದೆ. ನನ್ನ ಗೆಲುವು ನಿನಗೆ ಇಷ್ಟು ಬೇಸರವೇ ಎಂದು ನನಗೂ ರೋಷ ಬಂತು, ಬಾಯಿಬಿಡಲಿಲ್ಲ. ಆಮೇಲೆ ಸಮಿತಿಯ ಬಾಗಿಲಲ್ಲಿ ನೀನು ಮುಖ ತಿರುಗಿಸಿದ ಮೇಲೆ, ಸತ್ತರೂ ಹೇಳುವುದಿಲ್ಲ ಎಂದುಕೊಂಡೆ. ಹೋದ ಜುಲೈನಲ್ಲಿ ಹೇಳಬಹುದಿತ್ತು. ಹೇಳಿದ್ದರೆ ನಿನ್ನ ಪಾಲು ಸಿಗುತ್ತದೆಂದು ನೀನು ನಿಜ ಬರೆಯುತ್ತಿದ್ದೆ. ಬರೀ ನನಗೋಸ್ಕರ ಬರೆಯುತ್ತೀಯೋ ಇಲ್ಲವೋ, ಅದನ್ನು ನೋಡಬೇಕಿತ್ತು. ನೋಡಿದ್ದಾಯಿತು.

ಆದರೂ ನನ್ನ ನಾಲ್ಕು ಪುಟದಲ್ಲಿ ಸುಳ್ಳಿಲ್ಲ. ನಿನ್ನ ಹೆಸರು ಅದರಲ್ಲಿ ಎರಡು ಕಡೆ ಬರುತ್ತದೆ. ಮೊದಲ ಹರಳು ನಿನ್ನ ಫ್ಲಾಸ್ಕಿನದೆಂದು ಒಂದು ಕಡೆ, ೧೯೬೩ರ ಕಾಗದ ನಿನ್ನದೆಂದು ಇನ್ನೊಂದು ಕಡೆ. ಸಂಪಾದಕರಿಗೆ ಹೇಳಿದ್ದೇನೆ, ನಿನಗೆ ಬೇಡವಾದರೆ ನಿನ್ನ ಹೆಸರನ್ನು ತೆಗೆಯಬಹುದು. ತೆಗೆದರೆ ಎರಡೂ ಕಡೆಯಿಂದ ತೆಗೆಯಬೇಕು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ಹಾಗಿಲ್ಲ.

ಜನವರಿ ಮೂವತ್ತೊಂದರವರೆಗೆ ಕಾಯುತ್ತಾರಂತೆ. ಅವರ ವಿಳಾಸ ನಿನ್ನ ಹತ್ತಿರ ಇದೆ.

ವಸಂತಲಕ್ಷ್ಮಿ